ತೆಂಗಿಗೆ ಏಳು ವರ್ಷ, ಸಂಸ್ಥೆಗೆ ನಾಲ್ಕೇ ವರ್ಷ

ಎಂಜಿನಿಯರಿಂಗ್, ಕೃಷಿ ವಿಜ್ಞಾನ ಅಥವಾ ಸಮಾಜಕಾರ್ಯದಲ್ಲಿ ಪದವಿ ಪಡೆದು, ಬೆಂಗಳೂರಿನಲ್ಲಿ ನಾಲ್ಕೈದು ವರ್ಷ ದುಡಿದು, ಅನಂತರ ತಮ್ಮ ಸೀಮೆಯ ಆರ್ಥಿಕ ಅಭಿವೃದ್ಧಿಗಾಗಿ ಒಂದು ಸ್ವಯಂಸೇವಾ ಸಂಸ್ಥೆ ಕಟ್ಟಬೇಕೆಂದು ಹೊರಡುವ ಯುವಕ ಯುವತಿಯರು ಇಂದು ಅಪರೂಪವಲ್ಲ. ಅಂಥ ಕೆಲವರು ಸಲಹೆ ಕೇಳಲು ನನ್ನ ಬಳಿಗೂ ಬರುತ್ತಾರೆ. ಸೇವೆಯಲ್ಲಿದ್ದಾಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಪರಿಚಯ ನನಗೆ ಆಗಿತ್ತು. ಬರುವವರಲ್ಲಿ ಹೆಚ್ಚಿನವರೂ ಆ ಕಡೆಯವರೇ. ಅವರ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಸಂಸ್ಥೆಯನ್ನು ಸೊಸೈಟಿಯೆಂದು ನೋಂದಾಯಿಸಬೇಕೇ, ಟ್ರಸ್ಟ್ ಎಂದೇ, ಅಥವಾ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿಯಲ್ಲೇ? ಹಣ ಎಲ್ಲಿಂದ ಬರುತ್ತದೆ? ಸರ್ಕಾರದ ಯಾವ ಯೋಜನೆಯನ್ನು ಹಿಡಿದುಕೊಂಡರೆ ಅನುಕೂಲ? ಇವುಗಳಿಗಿಂತ ಮುಖ್ಯವಾದ ನಾಲ್ಕನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ಈ ಕೆಲಸಕ್ಕೆ ಎಷ್ಟು ವರ್ಷ ಕಾಯಬೇಕು, ಅಷ್ಟು ವರ್ಷ ಕಾಯಲು ನಮ್ಮ ವ್ಯವಸ್ಥೆ ಬಿಡುತ್ತದೆಯೇ ಎಂಬುದೇ ಆ ಪ್ರಶ್ನೆ.

ಈ ನಾಲ್ಕು ತಾಲ್ಲೂಕುಗಳನ್ನು ಸಾಮಾನ್ಯ ಅರ್ಥದಲ್ಲಿ ಬಡ ಸೀಮೆಯೆನ್ನಲಾಗದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಪೂರ್ಣಗೊಂಡದ್ದು 1979ರಲ್ಲಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಬಳಿ ಕಾವೇರಿಯೇ ಹರಿಯುತ್ತಾಳೆ. ಇಸ್ರೊ ತನ್ನ ಉಪಗ್ರಹ ನಿಯಂತ್ರಣ ಕೇಂದ್ರವನ್ನು ಹಾಸನದಲ್ಲಿ ಸ್ಥಾಪಿಸಿ ನಾಲ್ಕು ದಶಕ ಕಳೆದಿದೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ ನೇರ ರೈಲೂ ಬಂತು. ನೀರಿದೆ, ರಸ್ತೆಯಿದೆ, ರೈಲಿದೆ, ವಿದ್ಯಾಸಂಸ್ಥೆಗಳಿವೆ, ರಾಜಕೀಯ ಪ್ರಾತಿನಿಧ್ಯಕ್ಕಂತೂ ಕೊರತೆಯೇ ಇಲ್ಲ. ಆದರೂ ಓದಿದ ಮಕ್ಕಳು ಊರು ಬಿಡುತ್ತಿದ್ದಾರೆ. ಉಳಿದವರು ವರ್ಷಕ್ಕೊಂದು ಬೆಳೆ ಬದಲಿಸುತ್ತ ಅದೃಷ್ಟ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ. ಕೊರತೆ ಇರುವುದು ಬೇರೆಲ್ಲೋ ಎಂದಾಯಿತು.

ಹಾಸನದ ಆಲೂಗಡ್ಡೆಯನ್ನೇ ನೋಡಿ. ಮುಂಗಾರು ಪೂರ್ವ ಮಳೆ ಬಿದ್ದೊಡನೆ ಮೇ ತಿಂಗಳಲ್ಲಿ ಬಿತ್ತಿ, ಮೂರು ತಿಂಗಳಲ್ಲಿ ಕೀಳುವ ಈ ಬೆಳೆ ಒಂದು ಕಾಲಕ್ಕೆ ಜಿಲ್ಲೆಯ ಸಣ್ಣ ರೈತನ ಕೈಗೆ ಬೇಗ ಹಣ ತಂದುಕೊಡುವ ಬೆಳೆಯಾಗಿತ್ತು. ಬಿತ್ತನೆ ಗೆಡ್ಡೆ ಬರುವುದು ದೂರದ ಪಂಜಾಬಿನ ಜಲಂಧರದಿಂದ. ಖರ್ಚಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಬಂದ ಗೆಡ್ಡೆಯ ಗುಣಮಟ್ಟ ರೈತನಿಗೆ ತಿಳಿಯುವುದು ಅದು ಮೊಳೆತ ಮೇಲೆ. ಅದರ ಮೇಲೆ ಅಂಗಮಾರಿ ರೋಗ ಬಿದ್ದರೆ ಇಡೀ ಹೊಲ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಹೀಗೆ ಕೈಸುಟ್ಟುಕೊಂಡ ಅನೇಕರು ಶುಂಠಿಗೆ, ಮೆಕ್ಕೆಜೋಳಕ್ಕೆ ಹೊರಳಿದರು. ಬೆಳೆಯ ವಿಸ್ತೀರ್ಣ ಹಿಂದಿನಷ್ಟು ಉಳಿಯಲಿಲ್ಲ.

ಅರಕಲಗೂಡಿನ ಕಥೆ ಇನ್ನೊಂದು ಬಗೆಯದು. ಅಲ್ಲಿ ವರ್ಜಿನಿಯಾ ಹೊಗೆಸೊಪ್ಪು ಬೆಳೆಯುತ್ತಾರೆ. ತಂಬಾಕು ಮಂಡಳಿಯ ಹರಾಜು ಕಟ್ಟೆ ರಾಮನಾಥಪುರದಲ್ಲಿದೆ. ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾದದ್ದು 1984ರಲ್ಲಿ. ತಂಬಾಕು ನಿಯಂತ್ರಣ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಪರ್ಯಾಯ ಬೆಳೆಯ ಮಾತು ಅಂದಿನಿಂದಲೂ ಕೇಳಿಬರುತ್ತಿದೆ. ಆದರೂ ರೈತ ಬ್ಯಾರನ್ನಿಗೆ ಸೌದೆ ಹಾಕುವುದನ್ನು ಬಿಟ್ಟಿಲ್ಲ. ಹೊಗೆಸೊಪ್ಪಿನ ಮೇಲಿನ ಮೋಹ ಅದಕ್ಕೆ ಕಾರಣವಲ್ಲ. ಪರವಾನಗಿ, ಹರಾಜಿನ ದಿನ, ಬ್ಯಾಂಕಿಗೆ ಬರುವ ಹಣ ಇವೆಲ್ಲ ಅವನಿಗೆ ಮುಂಚಿತವಾಗಿ ಗೊತ್ತಿರುತ್ತವೆ. ಪರ್ಯಾಯವಾಗಿ ಸೂಚಿಸಿದ ಬೆಳೆಗಳಿಗೆ ಆ ನಿಶ್ಚಿತತೆ ಇರಲಿಲ್ಲ.

ಚನ್ನರಾಯಪಟ್ಟಣದ ತೆಂಗಿನದು ಮೂರನೆಯ ಬಗೆ. ಉಂಡೆ ಕೊಬ್ಬರಿಯ ಬೆಲೆ ನಿರ್ಧಾರವಾಗುವುದು ತಿಪಟೂರು, ಅರಸೀಕೆರೆಯ ಮಾರುಕಟ್ಟೆಗಳಲ್ಲಿ. ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿದಾಗ ಮಾರುಕಟ್ಟೆ ದರ ಅದಕ್ಕಿಂತ ಸಾಕಷ್ಟು ಕೆಳಗಿತ್ತು. ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸಾಲುಗಟ್ಟಿದರು. ಮರುವರ್ಷವೇ ದರ ಏರಿತು. ಈ ಏರಿಳಿತದಲ್ಲಿ ಲಾಭ ಪಡೆಯುವವರು ಕೊಬ್ಬರಿಯನ್ನು ಅಟ್ಟದಲ್ಲಿಟ್ಟು ಕಾಯಬಲ್ಲವರು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ತಕ್ಷಣ ಮಾರಲೇಬೇಕಾದವನಿಗೆ ಆ ಭಾಗ್ಯವಿಲ್ಲ. ಹೊಳೆನರಸೀಪುರದ ಕಡೆ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರ ಸ್ಥಿತಿಯೂ ಇದಕ್ಕೆ ಹೊರತಲ್ಲ. ಗದ್ದೆಗೆ ನೀರು ಬಂದಿದೆ. ಆದರೆ ಕೊಯ್ಲಾದ ಭತ್ತವನ್ನು ಒಂದೆರಡು ತಿಂಗಳು ಹಿಡಿದಿಟ್ಟುಕೊಳ್ಳುವ ಆರ್ಥಿಕ ಚೈತನ್ಯ ಸಣ್ಣ ಹಿಡುವಳಿದಾರನಿಗೆ ಇನ್ನೂ ಬಂದಿಲ್ಲ.

ಇದೇ ರೈತರ ಮನೆಗಳಲ್ಲಿ ಒಂದು ಉತ್ಪನ್ನ ಮಾತ್ರ ದಶಕಗಳಿಂದ ಸ್ಥಿರವಾದ ಆದಾಯ ತರುತ್ತಿದೆ. ಅದು ಹಾಲು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ರಾಜ್ಯದಲ್ಲಿ ಆರಂಭವಾದ ಹೈನು ಅಭಿವೃದ್ಧಿ ಯೋಜನೆ ಆನಂದ್ ಮಾದರಿಯ ಸಹಕಾರ ಸಂಘಗಳನ್ನು ಹಳ್ಳಿಹಳ್ಳಿಯಲ್ಲಿ ಕಟ್ಟಿತು. ಇಂದು ಹಾಸನ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿ ಹಾಸನದ ಜೊತೆಗೆ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳೂ ಇವೆ. ಒಂದೇ ಹಸು ಕಟ್ಟಿದ ವಿಧವೆಯೂ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ, ಕೊಬ್ಬಿನಂಶದ ಲೆಕ್ಕದಲ್ಲಿ ಹಣ ಪಡೆಯುತ್ತಾಳೆ. ಆಲೂಗಡ್ಡೆಯಲ್ಲಿ ಸೋತ ರೈತನೂ ಹಾಲಿನಲ್ಲಿ ಗೆದ್ದ ರೈತನೂ ಒಬ್ಬನೇ. ಇಬ್ಬರ ಬುದ್ಧಿ, ಶ್ರಮಗಳಲ್ಲಿ ವ್ಯತ್ಯಾಸವಿಲ್ಲ. ಹಾಲಿನ ಬೆನ್ನಿಗೆ ಒಂದು ಸಂಸ್ಥೆಯಿದೆ. ಆ ಸಂಸ್ಥೆ ಒಂದು ಹಂಗಾಮಿನಲ್ಲಿ ಬೆಳೆದದ್ದಲ್ಲ. ಅದು ಬೇರೂರುವವರೆಗೆ ಯಾರೋ ನಷ್ಟ ಹೊತ್ತರು, ತರಬೇತಿ ನೀಡಿದರು, ಕಾದರು.

ಅರ್ಥಶಾಸ್ತ್ರದ ಪರಿಭಾಷೆಯನ್ನು ಬದಿಗಿಟ್ಟು ಹೇಳುವುದಾದರೆ, ಈ ತಾಲ್ಲೂಕುಗಳಲ್ಲಿ ದುರ್ಲಭವಾಗಿರುವುದು ಕಾಯುವ ಶಕ್ತಿ. ವರ್ತಕನ ದೃಷ್ಟಿ ಒಂದು ಹಂಗಾಮಿನದು. ಸರ್ಕಾರದ ದೃಷ್ಟಿ ಒಂದು ಆಯವ್ಯಯದ ವರ್ಷದ್ದು. ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕೆಂಬ ಧಾವಂತ ಎಂಥದೆಂಬುದನ್ನು ನಾನು ಸೇವಾವಧಿಯುದ್ದಕ್ಕೂ ಕಂಡಿದ್ದೇನೆ. ಅದು ಯಾವ ಒಬ್ಬ ಅಧಿಕಾರಿಯ ದೋಷವೂ ಅಲ್ಲ, ವ್ಯವಸ್ಥೆಯ ಸ್ವಭಾವ. ಚುನಾವಣೆಯ ಗಡುವು ಐದು ವರ್ಷ. ಈ ಯಾವ ಕಾಲಮಾನಕ್ಕೂ ಸಿಕ್ಕದ, ಎಂಟು ಹತ್ತು ವರ್ಷ ಬೇಡುವ ಕೆಲಸಗಳು ಕೆಲವಿವೆ: ಬಿತ್ತನೆಯ ಒಂದು ಸರಪಳಿ ಕಟ್ಟುವುದು, ಹೊಸ ಬೆಳೆಗೆ ಮಾರುಕಟ್ಟೆ ರೂಪಿಸುವುದು, ರೈತರಿಗೆ ತಮ್ಮದೇ ಸಂಸ್ಥೆಯ ಲೆಕ್ಕ ನೋಡಲು ಕಲಿಸುವುದು. ಸ್ವಯಂಸೇವಾ ಸಂಸ್ಥೆಗೆ ಸ್ಥಾನವಿರುವುದು ಇಲ್ಲಿಯೇ. ಸರ್ಕಾರ ಮಾಡಬಲ್ಲದ್ದನ್ನು ಅಥವಾ ವ್ಯಾಪಾರಿ ಮಾಡಬಲ್ಲದ್ದನ್ನು ಅದು ಮಾಡುವುದಾದರೆ ಅದರ ಅಗತ್ಯವೇನು?

ಇದನ್ನು ಒಂದು ಜೀವನದ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. 1946ರಲ್ಲಿ, ಪುಣೆಯ ಬಳಿಯ ಉರುಳಿಕಾಂಚನ ಗ್ರಾಮಕ್ಕೆ ಗಾಂಧೀಜಿ ನಿಸರ್ಗ ಚಿಕಿತ್ಸೆಯ ಆಶ್ರಮ ಆರಂಭಿಸಲು ಬಂದಾಗ ಅವರ ಜೊತೆಗಿದ್ದ ತರುಣರಲ್ಲಿ ಗುಜರಾತಿನ ಮಣಿಭಾಯಿ ದೇಸಾಯಿ ಒಬ್ಬರು. ವಯಸ್ಸು ಇಪ್ಪತ್ತಾರರ ಆಸುಪಾಸು. ಗಾಂಧೀಜಿ ಹೊರಟುಹೋದರು, ಮಣಿಭಾಯಿ ಉಳಿದರು. ದನ ಸಾಕಿದರು, ತೋಟ ಮಾಡಿದರು, ಶಾಲೆ ಕಟ್ಟಿದರು. ಬೈಫ್ ಎಂದು ಇಂದು ಪ್ರಸಿದ್ಧವಾಗಿರುವ ಸಂಸ್ಥೆಯನ್ನು ಅವರು ಸ್ಥಾಪಿಸಿದ್ದು 1967ರಲ್ಲಿ, ಅಂದರೆ ಹಳ್ಳಿಗೆ ಬಂದ ಇಪ್ಪತ್ತೊಂದು ವರ್ಷಗಳ ಅನಂತರ. 1982ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 1993ರಲ್ಲಿ ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ. ತಿಪಟೂರನ್ನು ಕೇಂದ್ರವಾಗಿಟ್ಟುಕೊಂಡು ಅದು ಕರ್ನಾಟಕದಲ್ಲಿ ಬೆಳೆಯಿತು. ನಮ್ಮ ಅರಸೀಕೆರೆ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಹೊಲದಿಂದ ಹೊಲಕ್ಕೆ ಕೃಷಿ ಹೊಂಡಗಳನ್ನು ಕಾಲುವೆಗಳಿಂದ ಜೋಡಿಸಿ, ಒಂದು ತುಂಬಿ ಉಕ್ಕಿದ ನೀರು ಮುಂದಿನದಕ್ಕೆ ಹರಿಯುವಂತೆ ಮಾಡಿದ್ದು ಈ ಸಂಸ್ಥೆಯೇ. ಗುಜರಾತಿನ ತರುಣನೊಬ್ಬ ಮಹಾರಾಷ್ಟ್ರದ ಹಳ್ಳಿಯಲ್ಲಿ ನೆಲೆಯೂರಿದ್ದರ ಫಲ ಹಾಸನ ಜಿಲ್ಲೆಯ ಬಯಲುಸೀಮೆಗೆ ತಲುಪಲು ಎಷ್ಟು ದಶಕ ಬೇಕಾಯಿತೆಂಬುದನ್ನು ಲೆಕ್ಕ ಹಾಕಿ.

ನೆರೆಯ ಮೈಸೂರು ಜಿಲ್ಲೆಯಲ್ಲಿ ನಮ್ಮ ಕಾಲದ್ದೇ ಇನ್ನೊಂದು ಉದಾಹರಣೆಯಿದೆ. 1984ರಲ್ಲಿ, ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ, ಹತ್ತೊಂಬತ್ತರ ವಯಸ್ಸಿನಲ್ಲಿ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದರು. 1987ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿಗೆ ಹೋಗಿ ಜೇನುಕುರುಬ, ಕಾಡುಕುರುಬ ಮೊದಲಾದ ಸಮುದಾಯಗಳ ನಡುವೆ ನೆಲೆಸಿದರು. ಔಷಧಿ ಕೊಡಲು ಹೋದವರಿಗೆ ಶಾಲೆಯೂ ಬೇಕೆಂದು ತಿಳಿಯಿತು, ಶಾಲೆ ಕಟ್ಟಿದವರಿಗೆ ಜೀವನೋಪಾಯವೂ ಬೇಕೆಂದು ತಿಳಿಯಿತು. ಸರಗೂರಿನಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ಇವೆಲ್ಲ ಒಂದೊಂದಾಗಿ ಬಂದವು. 2011ರಲ್ಲಿ ಅವರು ಗ್ರಾಮ್ ಎಂಬ ಸಂಶೋಧನಾ ಸಂಸ್ಥೆಯನ್ನೂ ಸ್ಥಾಪಿಸಿದರು; 2021ರಲ್ಲಿ ಕೇಂದ್ರದ ಸಾಮರ್ಥ್ಯ ವರ್ಧನೆ ಆಯೋಗದ ಸದಸ್ಯರಾಗಿ ನೇಮಕಗೊಂಡರು. ಅವರು ದೆಹಲಿಗೆ ಹೋದಾಗ ಕೋಟೆ ತಾಲ್ಲೂಕಿನ ಆಸ್ಪತ್ರೆಗೆ ಬೀಗ ಬೀಳಲಿಲ್ಲ. ಸಂಸ್ಥಾಪಕನ ಯಶಸ್ಸನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ತಿಳಿಯದು.

ಕಟ್ಟಿದ್ದನ್ನು ಬಿಟ್ಟುಕೊಡುವುದೂ ಒಂದು ಸಾಧನೆಯೇ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಆಗ ಮೂವತ್ತರ ಹರೆಯದವರು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಆರಂಭಿಸಿದರು. ನಿರುದ್ಯೋಗಿ ಯುವಕರಿಗೆ ಊಟ ವಸತಿಯೊಂದಿಗೆ ಕೆಲವು ವಾರಗಳ ಉಚಿತ ತರಬೇತಿ, ಅನಂತರ ಬ್ಯಾಂಕ್ ಸಾಲಕ್ಕೆ ಮಾರ್ಗದರ್ಶನ ಮತ್ತು ಸತತ ಸಂಪರ್ಕ ಅದರ ಕ್ರಮ. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಜಿಲ್ಲೆಗೊಂದರಂತೆ ದೇಶಕ್ಕೆಲ್ಲ ವಿಸ್ತರಿಸಲು ಮುಂದಾಯಿತು. ಉಜಿರೆಯಲ್ಲಿ ಹುಟ್ಟಿದ ವಿಚಾರ ರಾಷ್ಟ್ರೀಯ ಕಾರ್ಯಕ್ರಮವಾಗಲು ಇಪ್ಪತ್ತೇಳು ವರ್ಷ ಹಿಡಿಯಿತು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯನ್ನೂ ಯುವಜನ ತಿಳಿದಿರಬೇಕು. ಅಮೆರಿಕದಲ್ಲಿ ಬೆಳೆದ ವಿಕ್ರಮ್ ಆಕುಲಾ ತಮ್ಮ ಮೂವತ್ತು ತುಂಬುವ ಮುನ್ನ, 1997ರಲ್ಲಿ, ಅಂದಿನ ಆಂಧ್ರಪ್ರದೇಶದಲ್ಲಿ ಬಡ ಮಹಿಳೆಯರಿಗೆ ಕಿರುಸಾಲ ನೀಡುವ ಎಸ್‌ಕೆಎಸ್ ಎಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿದರು. ದಾನದ ಹಣದಿಂದ ಕೋಟ್ಯಂತರ ಬಡವರನ್ನು ತಲುಪಲಾಗದು ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿರಲಿಲ್ಲವೆನ್ನಲಾರೆ. ಸಂಸ್ಥೆ ಹಣಕಾಸು ಕಂಪನಿಯಾಯಿತು. 2010ರ ಆಗಸ್ಟ್‌ನಲ್ಲಿ ಷೇರುಪೇಟೆ ಪ್ರವೇಶಿಸಿತು. ಎರಡೇ ತಿಂಗಳಲ್ಲಿ, ಕಿರುಸಾಲ ವಸೂಲಿಯ ಒತ್ತಡದಿಂದ ಆತ್ಮಹತ್ಯೆಗಳು ನಡೆಯುತ್ತಿವೆಯೆಂಬ ಆರೋಪಗಳ ನಡುವೆ, ಆಂಧ್ರ ಸರ್ಕಾರ ಇಡೀ ಕ್ಷೇತ್ರವನ್ನು ನಿಯಂತ್ರಿಸುವ ಸುಗ್ರೀವಾಜ್ಞೆ ತಂದಿತು. ಮರುವರ್ಷ ಆಕುಲಾ ಸಂಸ್ಥೆಯಿಂದ ಹೊರನಡೆದರು. ಹೆಸರು ಬದಲಿಸಿದ ಆ ಕಂಪನಿ 2019ರಲ್ಲಿ ಇಂಡಸ್‌ಇಂಡ್ ಬ್ಯಾಂಕಿನಲ್ಲಿ ವಿಲೀನವಾಯಿತು. ಕಿರುಸಾಲದ ಬಿಸಿ ನಮ್ಮ ರಾಜ್ಯಕ್ಕೂ ತಟ್ಟಿತು; ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವೂ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಇಲ್ಲಿ ಒಬ್ಬ ವ್ಯಕ್ತಿಯ ನೈತಿಕತೆಯ ವಿಚಾರಣೆ ನನ್ನ ಉದ್ದೇಶವಲ್ಲ. ಗ್ರಾಮೀಣ ಅಭಿವೃದ್ಧಿಯ ಹಲವು ಕೆಲಸಗಳಲ್ಲಿ ಸಾಲ ನೀಡಿಕೆಯೊಂದೇ ಬೇಗನೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ಕೆಲಸ. ವಾರದ ಕಂತು ಬರುತ್ತದೆ, ಅಂಕಿಅಂಶ ಸುಲಭವಾಗಿ ಸಿಗುತ್ತದೆ, ಹಣ ಹೂಡುವವರು ಮುಂದೆ ಬರುತ್ತಾರೆ. ಕಾಯಲು ಹಣವಿಲ್ಲದ ಸಂಸ್ಥಾಪಕ ಸಹಜವಾಗಿ ಅತ್ತ ವಾಲುತ್ತಾನೆ. ಆದರೆ ರೈತನ ಆಲೂಗಡ್ಡೆಗೆ ಒಳ್ಳೆಯ ಬಿತ್ತನೆ ಸಿಗದೆ, ಬೆಲೆಯೂ ಸಿಗದೆ, ಅವನ ಹೆಂಡತಿಗೆ ಸಾಲ ಮಾತ್ರ ಸಲೀಸಾಗಿ ಸಿಕ್ಕರೆ ಆ ಸಂಸಾರದ ಗತಿ ಏನಾಗುತ್ತದೆಂದು ಊಹಿಸಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಹಾಗಾದರೆ ಕಾಯುವ ಹಣ ಎಲ್ಲಿದೆ? ಕಾನೂನುಗಳತ್ತ ಕಣ್ಣು ಹಾಯಿಸೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಒಳ್ಳೆಯದು. ಆದರೆ 2021ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ, ಮುಂದುವರಿಯುವ ಯೋಜನೆಯೊಂದರ ಅವಧಿ ಅದು ಆರಂಭವಾದ ವರ್ಷವನ್ನು ಬಿಟ್ಟು ಮೂರು ವರ್ಷ ಮೀರುವಂತಿಲ್ಲ. ಎಲ್ಲ ಸೇರಿ ನಾಲ್ಕು ವರ್ಷ. ಚನ್ನರಾಯಪಟ್ಟಣದ ರೈತ ನೆಟ್ಟ ಎತ್ತರದ ತಳಿಯ ತೆಂಗಿನ ಸಸಿ ಹೊಂಬಾಳೆ ಬಿಟ್ಟು ಫಲಕ್ಕೆ ಬರಲು ಆರರಿಂದ ಎಂಟು ವರ್ಷ ಬೇಕು. ಮರ ಫಲ ಕೊಡುವ ಮೊದಲೇ ಅದನ್ನು ನೆಡಿಸಿದ ಸಂಸ್ಥೆ ಕೊನೆಯ ವರದಿ ಸಲ್ಲಿಸಿ ಹೊರಟಿರುತ್ತದೆ. ಇದರ ಜೊತೆಗೆ, ಕಂಪನಿ ತನ್ನ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ದೊಡ್ಡ ಕಂಪನಿಗಳೇ ಇಲ್ಲದ ಅರಕಲಗೂಡಿನಂಥ ತಾಲ್ಲೂಕಿಗೆ ಈ ಆದ್ಯತೆಯಿಂದ ಬರುವುದೇನು?

ವಿದೇಶಿ ದೇಣಿಗೆಯ ದಾರಿಯೂ ಕಿರಿದಾಗಿದೆ. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು; ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನೂ ನಿಷೇಧಿಸಿತು. ದುರುಪಯೋಗ ತಡೆಯುವ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡ ಸಂಸ್ಥೆಗಳ ಮೂಲಕ ನೆರವು ಪಡೆಯುತ್ತಿದ್ದ ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗೆ ಆ ಬಾಗಿಲು ಮುಚ್ಚಿತು. ಸರ್ಕಾರದ ಯೋಜನೆಗಳಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ 2020ರ ಕೇಂದ್ರ ಯೋಜನೆ ಮಹತ್ವಾಕಾಂಕ್ಷೆಯದು. ಪ್ರತಿ ಸಂಸ್ಥೆಗೆ ನಿರ್ವಹಣಾ ವೆಚ್ಚವಾಗಿ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ, ಸದಸ್ಯರ ಷೇರಿಗೆ ಸಮನಾಗಿ 15 ಲಕ್ಷದವರೆಗೆ ಅನುದಾನ. ಅದನ್ನು ಕೈಹಿಡಿದು ನಡೆಸುವ ಸಂಸ್ಥೆಗೆ ಐದು ವರ್ಷದ ಗಡುವು. 2025ರ ಫೆಬ್ರುವರಿಯಲ್ಲಿ ಹತ್ತು ಸಾವಿರದ ಗುರಿ ಮುಟ್ಟಿದ್ದಾಗಿ ಸರ್ಕಾರ ಪ್ರಕಟಿಸಿತು. ನೋಂದಣಿಯ ಸಂಖ್ಯೆ ಮುಟ್ಟುವುದು ಒಂದು, ಆ ಸಂಸ್ಥೆ ನಾಲ್ಕನೆಯ ವರ್ಷ ತನ್ನ ಕಾರ್ಯದರ್ಶಿಗೆ ಸಂಬಳ ಕೊಡಬಲ್ಲದೇ ಎಂಬುದು ಇನ್ನೊಂದು. ಗುರಿಯ ಬೆನ್ನು ಹತ್ತಿದ ಸ್ವಯಂಸೇವಾ ಸಂಸ್ಥೆ ಕ್ರಮೇಣ ಗುತ್ತಿಗೆದಾರನಾಗಿಬಿಡುತ್ತದೆ.

ಹತ್ತು ವರ್ಷದ ಕೆಲಸ ಎಂದರೆ ಯಾವುದೆಂಬುದನ್ನು ಹಾಸನದ ಆಲೂಗಡ್ಡೆಯ ಮೂಲಕವೇ ಹೇಳುತ್ತೇನೆ. ಅಂಗಾಂಶ ಕೃಷಿಯ ಸಸಿಗಳಿಂದ ತುದಿಕುಡಿ ಚಿವುಟಿ, ಬೇರು ಬರಿಸಿ, ಅವುಗಳಿಂದ ರೋಗಮುಕ್ತ ಬಿತ್ತನೆ ಗೆಡ್ಡೆಯನ್ನು ಸ್ಥಳೀಯವಾಗಿ ಬೆಳೆಯುವ ವಿಧಾನವನ್ನು ಹಾಸನ ಸಮೀಪದ ಸೋಮನಹಳ್ಳಿ ಕಾವಲಿನ ತೋಟಗಾರಿಕಾ ಸಂಶೋಧನಾ ಕೇಂದ್ರ ಪರಿಚಯಿಸಿದೆ. ಜಲಂಧರದ ಮೇಲಿನ ಅವಲಂಬನೆ ತಗ್ಗಿಸುವ ದಾರಿ ಇದು. ವಿಜ್ಞಾನಿಗಳು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಇನ್ನು ಹಳ್ಳಿಯಲ್ಲಿ ಸಸಿ ಬೆಳೆಸುವ ನರ್ಸರಿ ಬೇಕು. ಅದನ್ನು ನಡೆಸಲು ಕಲಿತ ಯುವಕ ಯುವತಿಯರು ಬೇಕು. ಸಸಿಯಿಂದ ಗೆಡ್ಡೆ, ಆ ಗೆಡ್ಡೆಯಿಂದ ಮಾರುವಷ್ಟು ಬಿತ್ತನೆ ಆಗಲು ಹಲವು ಹಂಗಾಮುಗಳು ಬೇಕು. ಮುಂದಿನ ಬಿತ್ತನೆಯವರೆಗೆ ಗೆಡ್ಡೆ ಕಾಪಾಡಲು ಶೀತಲಗೃಹ ಬೇಕು. ಮೊದಲೆರಡು ವರ್ಷ ರೈತ ನಂಬುವುದಿಲ್ಲ. ನಂಬಿದ ವರ್ಷವೇ ಅಂಗಮಾರಿ ಬಂದರೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಆ ನಷ್ಟವನ್ನು ಒಂದೆರಡು ಬಾರಿ ಹೊರಬಲ್ಲ ನಿಧಿ ಬೇಕು. ಆರೇಳು ವರ್ಷಗಳಾಗುವ ಹೊತ್ತಿಗೆ ಬಿತ್ತನೆ ಬೆಳೆಯುವ ರೈತರ ಸಂಘ ತನ್ನ ಹೆಸರಿನಲ್ಲಿ ಮಾರಬೇಕು, ಹತ್ತನೆಯ ವರ್ಷಕ್ಕೆ ಸಂಸ್ಥಾಪಕ ಅಲ್ಲಿರಬಾರದು. ಯಾವ ಸರ್ಕಾರಿ ಯೋಜನೆಯ ಅವಧಿಯಲ್ಲೂ ಹಿಡಿಸದ, ಆದರೆ ಒಬ್ಬ ಸಮರ್ಥ ಯುವಕನ ಅಥವಾ ಯುವತಿಯ ಜೀವನದ ಹತ್ತು ವರ್ಷಗಳಲ್ಲಿ ಹಿಡಿಸುವ ಕೆಲಸ ಇದು.

ಊರಿನವರೇ ಮಾಡಬಾರದೇಕೆ, ಉದ್ಯಮಶೀಲತೆ ಸಾಲದೇ ಎಂದು ಕೇಳಬಹುದು. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೈನ್ಯ ಬಿಟ್ಟು ಬಂದು, ಅಣೆಕಟ್ಟೆಯಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಕುಟುಂಬಕ್ಕೆ ಸಿಕ್ಕ ಜಾವಗಲ್ ಬಳಿಯ ಬರಡು ನೆಲವನ್ನು ತೋಟವಾಗಿಸಿದರು. ಪರಿಸರಸ್ನೇಹಿ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಮುಂದೆ ವಿಮಾನಯಾನ ಸಂಸ್ಥೆಯನ್ನೇ ಕಟ್ಟಿದರು. ಅಂಥ ಸಾಹಸ ಸ್ತುತ್ಯ. ಆದರೆ ಉದ್ಯಮಿ ತನ್ನ ನಷ್ಟವನ್ನು ತನ್ನ ಲಾಭದ ಆಸೆಯಿಂದ ಹೊರುತ್ತಾನೆ. ಬಿತ್ತನೆ ಸರಪಳಿಯ ಲಾಭವಾದರೋ ಸಾವಿರಾರು ರೈತರಿಗೆ ಚದುರಿ ಹೋಗುವಂಥದು. ಆರಂಭದ ನಷ್ಟ ಮಾತ್ರ ಒಬ್ಬನ ತಲೆಯ ಮೇಲೆ ಬೀಳುತ್ತದೆ. ಇದು ಸರ್ಕಾರದ ಹೊಣೆಯಲ್ಲವೇ ಎಂಬ ಆಕ್ಷೇಪವೂ ಇದೆ. ಹೊಣೆ ಸರ್ಕಾರದ್ದೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ತಾಲ್ಲೂಕನ್ನೇ ಘಟಕವಾಗಿಟ್ಟುಕೊಂಡು ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿದಾಗ ಆ ಹೊಣೆಗೆ ಒಂದು ನಕ್ಷೆ ಸಿಕ್ಕಿತು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚನೆಯಾಯಿತು. ಸಮಿತಿಗಳು ಹಣ ಎಲ್ಲಿಗೆ ಹೋಗಬೇಕೆಂದು ಹೇಳಬಲ್ಲವು. ಹೋದ ಹಣದಿಂದ ಒಂದು ಸಂಸ್ಥೆ ಬೇರೂರುವವರೆಗೆ ಹಳ್ಳಿಯಲ್ಲಿ ಕುಳಿತು ನೋಡುವವರನ್ನು ಅವು ಒದಗಿಸಲಾರವು.

ಆದ್ದರಿಂದ ಕೆಲವು ಸಲಹೆಗಳು. ಸಂಸ್ಥಾಪಕರಿಗೆ: ನಾಲ್ಕು ತಾಲ್ಲೂಕು ಬೇಡ, ಒಂದೇ ತಾಲ್ಲೂಕು ಹಿಡಿಯಿರಿ, ಹತ್ತು ಕಾರ್ಯಕ್ರಮ ಬೇಡ, ಒಂದೇ ಸಮಸ್ಯೆ ಹಿಡಿಯಿರಿ. ಆಡಳಿತ ಮಂಡಳಿಯಲ್ಲಿ ಗೆಳೆಯರು, ನೆಂಟರ ಬದಲು ರೈತರು, ಹೆಣ್ಣುಮಕ್ಕಳು ಇರಲಿ. ಲೆಕ್ಕಪತ್ರವನ್ನು ಕನ್ನಡದಲ್ಲಿ ಬರೆದು ಡೇರಿಯ ಗೋಡೆಗೆ ಅಂಟಿಸಿ. ನೀವು ಬಿಟ್ಟುಹೋಗುವ ವರ್ಷವನ್ನು ಮೊದಲ ಸಭೆಯ ನಡಾವಳಿಯಲ್ಲೇ ದಾಖಲಿಸಿ. ಸರ್ಕಾರಕ್ಕೆ: ಸಾಮಾಜಿಕ ಹೊಣೆಗಾರಿಕೆಯ ಯೋಜನೆಗಳಿಗೆ ನಾಲ್ಕು ವರ್ಷದ ಮಿತಿಯನ್ನು ಕೃಷಿ ಮತ್ತು ಜೀವನೋಪಾಯದ ಕೆಲಸಗಳ ಮಟ್ಟಿಗಾದರೂ ಎಂಟು ವರ್ಷಕ್ಕೆ ಏರಿಸಿ. ರೈತ ಉತ್ಪಾದಕ ಸಂಸ್ಥೆಗಳನ್ನು ನೋಂದಣಿಯ ಸಂಖ್ಯೆಯಿಂದ ಅಳೆಯದೆ, ಅನುದಾನ ನಿಂತ ಎರಡು ವರ್ಷಗಳ ಅನಂತರ ಅವು ಎಷ್ಟು ವ್ಯವಹಾರ ಮಾಡಿದವೆಂಬುದರಿಂದ ಅಳೆಯಿರಿ.

ಉಳಿದದ್ದು ಓದುಗರಾದ ನಮ್ಮ ಪಾಲಿನದು. ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡಿರುವ ಅನೇಕರ ಓದಿನ ಶುಲ್ಕ ಬಂದದ್ದು ಹಾಸನದ ಆಲೂಗಡ್ಡೆಯಿಂದ, ಚನ್ನರಾಯಪಟ್ಟಣದ ಕೊಬ್ಬರಿಯಿಂದ, ಅರಕಲಗೂಡಿನ ಹೊಗೆಸೊಪ್ಪಿನಿಂದ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಾವು ಧಾರಾಳವಾಗಿ ಕೊಡುತ್ತೇವೆ, ಅದು ಸರಿಯೇ. ಅದೇ ಊರಿನಲ್ಲಿ ಒಂದು ಬಿತ್ತನೆ ನರ್ಸರಿಗೆ ಹತ್ತು ವರ್ಷ, ತಿಂಗಳಿಗಿಷ್ಟೆಂದು ಕೊಡುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಒಂದು ತಾಲ್ಲೂಕಿನಿಂದ ಹೊರಬಂದ ಐನೂರು ಕುಟುಂಬಗಳು ತಿಂಗಳಿಗೆ ಸಾವಿರ ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 60 ಲಕ್ಷವಾಗುತ್ತದೆ. ಯಾವ ಕಂಪನಿಯ ಹಂಗೂ, ಯಾವ ಗಡುವಿನ ಭಯವೂ ಇಲ್ಲದ ಹಣ ಅದು.

ಹಣಕ್ಕಿಂತ ಕಷ್ಟವಾದ ಇನ್ನೊಂದು ಕೊಡುಗೆಯೂ ಇದೆ. ಸ್ವಯಂಸೇವಾ ಸಂಸ್ಥೆ ನಡೆಸುವುದನ್ನು ನಾವು ಇನ್ನೂ ತ್ಯಾಗವೆಂದು ಹೊಗಳುತ್ತೇವೆ, ವೃತ್ತಿಯೆಂದು ಗೌರವಿಸುವುದಿಲ್ಲ. ಅದರಲ್ಲಿ ಸಂಬಳ ಪಡೆಯುವವರನ್ನು ಸಂಶಯದಿಂದ ನೋಡುತ್ತೇವೆ. ಸಂಬಳ ಪಡೆಯದವರ ಮಕ್ಕಳ ಶಾಲೆಯ ಶುಲ್ಕ ಯಾರು ಕಟ್ಟುತ್ತಾರೆಂದು ಕೇಳುವುದಿಲ್ಲ. ಅನ್ಯರ ಮಗ ಹಳ್ಳಿಗೆ ಮರಳಿದರೆ ಸಭೆ ಕರೆದು ಶಾಲು ಹೊದಿಸುವ ನಾವು, ನಮ್ಮ ಮಗಳಿಗೆ ಅಂಥ ವರನ ಪ್ರಸ್ತಾಪ ಬಂದರೆ ಜಾತಕ ಕೂಡಿಬರಲಿಲ್ಲವೆನ್ನುತ್ತೇವೆ. ಹತ್ತು ವರ್ಷ ಕಾಯಲು ಸಿದ್ಧರಿರುವ ಯುವಜನ ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ಮುಂದೆ ನಾವು ಇಡಬೇಕಾದದ್ದು ಸನ್ಮಾನಪತ್ರವಲ್ಲ. ಕುಟುಂಬ ನಡೆಸುವಷ್ಟು ಸಂಬಳ, ಮತ್ತು ಮೊದಲ ಎರಡು ಬೆಳೆ ಕೈಕೊಟ್ಟರೂ ಮೂರನೆಯದನ್ನು ಬಿತ್ತಲು ಬೇಕಾದ ಅವಕಾಶ.